ರಾಮವ್ವನ ಎಡಗೈ

ಪುಂಡಲೀಕಪ್ಪ ಸತ್ತ ಮೇಲೆ ಅಡರಕಟ್ಟಿಯಲ್ಲಿ ಅವನದು ಅಂತ ಉಳಿದದ್ದು ಒಂದು ಪಟ್ಟಿ ಹುಲ್ಲು. ದನಕ್ಕೆ ಹಾಕುವ ಹುಲ್ಲಲ್ಲ. ನಿಂತು ಚೆಂಡು ಹೊಡೆಯುವ ಹುಲ್ಲು.

ಹೊಲದ ತುದಿಯಲ್ಲಿ, ಹಳ್ಳದ ಕಡೆಗೆ, ಕೆಂಪು ಮಣ್ಣಿನ ಮಸಾರಿ ಭೂಮಿಯಲ್ಲಿ ಅವನು ಅದನ್ನು ಬೆಳೆಸಿದ್ದ. ಕಲ್ಲು ಆರಿಸಿದ. ಗರಿಕೆ ತಂದು ಹಚ್ಚಿದ. ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಹಾಕಿದ. ಕುಡಗೋಲಿನಿಂದ ಕೂತು ಕತ್ತರಿಸಿ ಚಾಪೆಯ ಹಾಗೆ ಮಾಡಿದ. ಜನ ನಕ್ಕರು. ಅವನೂ ಅವರ ಜೊತೆ ನಕ್ಕ, ಮರುದಿನ ಮತ್ತೆ ನೀರು ಹೊತ್ತ.

ಗಂಡ ಹೆಂಡತಿ ಇಬ್ಬರೂ ಬಹಳ ವರ್ಷ ಗೋವಾದಲ್ಲಿ ದುಡಿದವರು. ದೊಡ್ಡದೊಂದು ಹೋಟೆಲು. ಅದರ ಹಿಂದೆ ಗಾಲ್ಫ್ ಆಡುವ ಮೈದಾನ. ಪುಂಡಲೀಕಪ್ಪನಿಗೆ ಅಲ್ಲಿ ಹುಲ್ಲು ಕತ್ತರಿಸುವ ಕೆಲಸ, ರಾಮವ್ವನಿಗೆ ಒಳಗೆ ಚಾದರ ಒಗೆದು ಮಡಿಸುವ ಕೆಲಸ. ಆಡುವವರು ಹೋದ ಮೇಲೆ ಸಂಜೆ ಕೆಲಸದವರೂ ಒಂದೆರಡು ಏಟು ಹೊಡೆಯುತ್ತಿದ್ದರು. ಪುಂಡಲೀಕಪ್ಪನಿಗೆ ಅದು ಮೈಗೆ ಹತ್ತಿತು. ತಾಯಿ ಮರಿಯವ್ವನ ಕಣ್ಣಿಗೆ ಪೊರೆ ಬಂತು ಅಂತ ಊರಿಗೆ ಮರಳಿದಾಗ, ಯಾರೋ ಬಿಟ್ಟುಹೋಗಿದ್ದ ಒಂದು ಕೋಲು ಮತ್ತು ಒಂದು ಚೀಲ ಹಳೆಯ ಚೆಂಡು ಅವನ ಸಾಮಾನಿನಲ್ಲಿ ಬಂದವು. ದೊಡ್ಡ ತಲೆಯ ಕೋಲು. ಚೆಂಡನ್ನು ದೂರ ಅಟ್ಟುವುದಕ್ಕೇ ಇರುವ ಕೋಲು ಅದು.

ದಿನಾ ಸಂಜೆ ಅವನು ಹುಲ್ಲಿನ ಮೇಲೆ ನಿಲ್ಲುತ್ತಿದ್ದ. ಚೆಂಡು ಹಳ್ಳ ದಾಟಿ ಆಚೆ ಫಕೀರಸಾಬನ ಹೊಲದಲ್ಲಿ ಬೀಳುತ್ತಿತ್ತು. ಫಕೀರಸಾಬ ಅವನ್ನು ಆರಿಸಿ, ಈ ಕಡೆ ಬರುವಾಗ ತಂದುಕೊಡುತ್ತಿದ್ದ. ಅವನ ಬೆಳೆಗೆ ಏಟಾಗದ ಹಾಗೆ ಪುಂಡಲೀಕಪ್ಪ ದಿಕ್ಕು ನೋಡಿ ಹೊಡೆಯುತ್ತಿದ್ದ. ರಾಮವ್ವನನ್ನೂ ಕರೆಯುತ್ತಿದ್ದ. ಒಲೆಯ ಮೇಲೆ ಹಂಚು ಇದೆ, ಬರುವುದಿಲ್ಲ ಎನ್ನುತ್ತಿದ್ದಳು. ಒಂದು ಸಲ ಮಾತ್ರ ಕೋಲು ಹಿಡಿದಿದ್ದಳು. ಬಿಗಿಯಾಗಿ ಹಿಡಿದಿದ್ದಳು. ಅವನು ಬೆರಳು ಸಡಿಲಿಸಿದ.

"ಹಸಿ ರೊಟ್ಟಿ ಎತ್ತಿ ಹಂಚಿಗಿ ಹಾಕ್ತೀಯಲ್ಲ, ಹಂಗ ಹಿಡಿ. ಬಿಗಿ ಹಿಡದ್ರ ಹರಿತೈತಿ, ಸಡ್ಲ ಬಿಟ್ರ ಬೀಳ್ತೈತಿ."

ಅವಳಿಗೆ ನಗು ಬಂತು. ಕೋಲು ಅವನ ಕೈಗೆ ಕೊಟ್ಟು ಮನೆಗೆ ಬಂದಳು.

ಕಡಲೆ ಕೀಳುವ ಕಾಲದಲ್ಲಿ ಅವನಿಗೆ ಎದೆ ಹಿಡಿಯಿತು. ಗದಗಿನ ದವಾಖಾನೆ ಮುಟ್ಟಲಿಲ್ಲ. ದಾರಿಯಲ್ಲಿಯೇ ಹೋದ. ಅಷ್ಟೇ.

ಯುಗಾದಿ ಬಂತು, ಹೋಯಿತು. ರಾಮವ್ವ ರೊಟ್ಟಿ ಬಡಿದಳು, ಸಗಣಿ ಬಳಿದಳು, ಅತ್ತೆಗೆ ಎಣ್ಣೆ ಹಚ್ಚಿ ಎರೆದಳು. ಅಳುವುದಿದ್ದರೆ ಹುಲ್ಲಿಗೆ ನೀರು ಹಾಕಲು ಹೋದಾಗ ಅಳುತ್ತಿದ್ದಳು. ನೀರು ಹಾಕುವುದನ್ನು ಮಾತ್ರ ಬಿಡಲಿಲ್ಲ.

ಮನೆಯ ಯಜಮಾನ ಈಗ ಅಂದಾನಪ್ಪ. ಪುಂಡಲೀಕಪ್ಪನ ಅಣ್ಣ, ರಾಮವ್ವನಿಗೆ ಭಾವ. ಒಕ್ಕಲುತನವೆಲ್ಲ ಅವನದೇ. ಅವನ ಹೆಂಡತಿ ಮಗಳ ಬಾಣಂತನಕ್ಕೆ ಅಂತ ಮುಂಡರಗಿಗೆ ಹೋಗಿದ್ದಳು. ಅವನು ಕೆಟ್ಟವನಲ್ಲ. ಆದರೆ ಮಾತು ಕಡಿಮೆ, ತಮ್ಮನ ಹೆಂಡತಿಯ ಜೊತೆಗಂತೂ ಇಲ್ಲವೇ ಇಲ್ಲ. ಆ ಮನೆಯ ಪದ್ಧತಿಯೇ ಹಾಗೆ. ಭಾವ ಎದುರಿಗೆ ಬಂದರೆ ಸೊಸೆಯ ತಲೆಯ ಮೇಲೆ ಸೆರಗು ಇರಬೇಕು. ಭಾವನೂ ಅವಳ ಮುಖ ನೋಡಿ ಮಾತಾಡುವುದಿಲ್ಲ. ಹೇಳುವುದಿದ್ದರೆ ತಾಯಿಯ ಕಡೆ ತಿರುಗಿ ಹೇಳುತ್ತಾನೆ. ಅವಳೂ ಅತ್ತೆಯ ಕಡೆ ತಿರುಗಿ ಉತ್ತರ ಕೊಡುತ್ತಾಳೆ. ಮೂವರೂ ಒಂದೇ ಪಡಸಾಲೆಯಲ್ಲಿ ಕೂತಿರುತ್ತಾರೆ.

ಬೇಸಿಗೆ ಮುಗಿಯುತ್ತ ಬಂದಾಗ ಒಂದು ದಿನ ಊಟಕ್ಕೆ ಕೂತು ಅಂದಾನಪ್ಪ ತಾಯಿಗೆ ಹೇಳಿದ. ಮಳೆಯಾದ ಕೂಡಲೇ ಆ ಹುಲ್ಲು ಕಿತ್ತು, ಎತ್ತು ಹೂಡಿ ರಂಟೆ ಹೊಡೆಯುತ್ತಾನೆ. ಹೆಸರು ಬಿತ್ತುತ್ತಾನೆ. ಭೂಮಿ ಸುಮ್ಮನೆ ಬಿಡುವುದು ಒಳ್ಳೆಯದಲ್ಲ.

ರಾಮವ್ವ ಸಾರು ಬಡಿಸುವುದನ್ನು ನಿಲ್ಲಿಸಿದಳು. ಆ ಹುಲ್ಲು ಇರಲಿ ಅಂತ ಅತ್ತೆಗೆ ಹೇಳಿದಳು.

"ಇರಲಿ ಅಂದ್ರ? ಆಡಾಂವ ಹೋದ. ಇನ್ನ ಅದರ ಮ್ಯಾಲ ಆಡಾವ್ರು ಯಾರ ಅದಾರ, ಕೇಳ ಅವ್ವಾ ಆಕಿನ್ನ."

"ನಾ ಆಡ್ತೀನಿ ಅನ್ರಿ, ಅತ್ತಿ."

ಅಂದಾನಪ್ಪ ತುತ್ತು ಕೈಯಲ್ಲಿ ಹಿಡಿದು ಗೋಡೆ ನೋಡಿದ. ನಗಬೇಕೋ ಸಿಟ್ಟಾಗಬೇಕೋ ಅವನಿಗೆ ತಿಳಿಯಲಿಲ್ಲ. ಕೊನೆಗೆ ಅಂದ, "ಮಳಿ ಆದಮ್ಯಾಲ ನಾ ಎತ್ತು ಹೊಡ್ಕೊಂಡು ಬರ್ತೀನಿ. ಅಂವ ದಾಟಸ್ತಿದ್ನಲ್ಲ, ಹಂಗ ಆಕಿ ಒಂದ ಚೆಂಡು ಹಳ್ಳ ದಾಟಸ್ಲಿ. ನನ್ನ ಕಣ್ಣ ಮುಂದ. ದಾಟ್ತಂದ್ರ ಆ ಕಡಿ ನಾ ರಂಟಿ ತರೂದಿಲ್ಲ. ದಾಟ್ಲಿಲ್ಲಂದ್ರ ಮತ್ತ ಮಾತಿಲ್ಲ."

"ಆತು ಅನ್ರಿ," ಅಂದಳು ರಾಮವ್ವ.

ಅವನು ಎದ್ದುಹೋದ ಮೇಲೆ ಮರಿಯವ್ವ ಮೆಲ್ಲಗೆ ಹೇಳಿದಳು, ಅವನಿಗೂ ಆ ಹುಲ್ಲು ನೋಡಲಾಗುತ್ತಿಲ್ಲ, ಅದಕ್ಕೇ ಕೀಳುತ್ತೇನೆ ಅನ್ನುತ್ತಾನೆ ಅಂತ. ರಾಮವ್ವನಿಗೆ ಅದು ಗೊತ್ತಿತ್ತು. ನೋಡಲಾಗದೆ ಒಬ್ಬರು ಕೀಳುತ್ತಾರೆ, ಒಬ್ಬರು ನೀರು ಹಾಕುತ್ತಾರೆ.

ಮರುದಿನ ಬೆಳಗ್ಗೆ ಹಾಲು ಹಿಂಡಿದ ಮೇಲೆ ಕೋಲು, ಚೀಲ ತೆಗೆದುಕೊಂಡು ಹೊಲಕ್ಕೆ ಹೋದಳು. ಮರಿಯವ್ವನೂ ಬಡಿಗೆ ಊರಿಕೊಂಡು ಹಿಂದೆ ಬಂದು ಬದುವಿನ ಮೇಲೆ ಕೂತಳು. ಚೆಂಡನ್ನು ನೆಲದಿಂದ ಎತ್ತರಕ್ಕೆ ಇಡಲು ಪುಂಡಲೀಕಪ್ಪ ಹತ್ತಿಕಟ್ಟಿಗೆಯಿಂದ ಸಣ್ಣ ಗೂಟ ಕೆತ್ತಿಕೊಳ್ಳುತ್ತಿದ್ದ. ಅವಳೂ ಕೆತ್ತಿದಳು. ನೆಟ್ಟಳು. ಚೆಂಡು ಇಟ್ಟಳು. ಕೋಲು ಎತ್ತಿ ಹೊಡೆದಳು.

ಚೆಂಡು ಇಟ್ಟಲ್ಲೇ ಇತ್ತು. ಕೋಲು ಅದರ ಮೇಲಿಂದ ಹೋಗಿತ್ತು.

ಮತ್ತೆ ಹೊಡೆದಳು. ಈ ಸಲ ನೆಲಕ್ಕೆ ಬಿತ್ತು. ಕೈ ಜುಮ್ಮೆಂದಿತು. ಗೂಟ ಮುರಿಯಿತು, ಚೆಂಡು ಪಕ್ಕಕ್ಕೆ ಉರುಳಿತು. ಅವತ್ತು ಇಡೀ ಬೆಳಗ್ಗೆ ಅವಳ ಚೆಂಡು ಒಂದೂ ಹುಲ್ಲಿನ ಪಟ್ಟಿ ಬಿಟ್ಟು ಹೋಗಲಿಲ್ಲ. ಅಂಗೈಯಲ್ಲಿ ಬೊಕ್ಕೆ ಎದ್ದವು. ಮಧ್ಯಾಹ್ನ ರೊಟ್ಟಿ ಬಡಿಯುವಾಗ ಅವು ಒಡೆದವು. ಅರಿಶಿನ ಹಚ್ಚಿಕೊಂಡಳು.

ಊರಿಗೆ ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ನಳದ ಹತ್ತಿರ ಹೆಂಗಸರು ಕೊಡ ಇಟ್ಟುಕೊಂಡು ಕಾದಿದ್ದರು.

"ಏ ರಾಮವ್ವ, ಹೊಲದಾಗ ಹಾವು ಹೊಡ್ಯಾಕತ್ತೀಯಂತ?"

"ಹಾವಾಗಿದ್ರ ಎಂದೋ ಸಾಯ್ತಿತ್ತು," ಅಂದಳು ರಾಮವ್ವ. "ಇದು ಸಾಯವಲ್ದು, ಓಡವಲ್ದು."

ಅವರು ನಕ್ಕರು. ಅವಳು ನಗಲಿಲ್ಲ. ಕೊಡ ತುಂಬಿಸಿಕೊಂಡು ಬಂದಳು. ಬೆಟಗೇರಿಗೆ ಕೊಟ್ಟ ಮಗಳೂ ಫೋನಿನಲ್ಲಿ ಬೈದಳು. ಅಪ್ಪ ಹೋದ ದುಃಖಕ್ಕೆ ಅವ್ವನಿಗೆ ತಲೆ ತಿರುಗಿದೆ, ಬಂದು ತನ್ನ ಮನೆಯಲ್ಲಿ ಇರಲಿ ಅನ್ನುವುದು ಅವಳ ಮಾತು. ಮಳೆಯಾದ ಮೇಲೆ ಬರುತ್ತೇನೆ, ಈಗ ಕೆಲಸ ಇದೆ ಅಂತ ಹೇಳಿ ರಾಮವ್ವ ಫೋನು ಇಟ್ಟಳು.

ದಿನಾ ಹೋದಳು. ಚೆಂಡು ಕೋಲಿಗೆ ಸಿಗಲು ಶುರುವಾಯಿತು. ಆದರೆ ದೂರ ಹೋಗುತ್ತಿರಲಿಲ್ಲ. ಮೈಯಲ್ಲಿನ ಬಲವೆಲ್ಲ ಹಾಕಿದರೂ ಹಳ್ಳದ ಈಚೆಯ ದಂಡೆ ಮುಟ್ಟುತ್ತಿರಲಿಲ್ಲ. ಬಲ ಹೆಚ್ಚು ಹಾಕಿದಷ್ಟೂ ಹತ್ತಿರ ಬೀಳುತ್ತಿತ್ತು. ಅದೇ ಅವಳಿಗೆ ಅರ್ಥವಾಗದ ಮಾತು.

ಕಾರಣ ಹೇಳಿದವಳು ಮರಿಯವ್ವ. ಮುದುಕಿಗೆ ಚೆಂಡು ಕಾಣುತ್ತಿರಲಿಲ್ಲ. ಸಪ್ಪಳ ಕೇಳುತ್ತಿತ್ತು.

"ಅಂವಂದು ಹಿಂಗ ಸಪ್ಪಳ ಬರ್ತಿರಲಿಲ್ಲ, ಯವ್ವಾ. ನೀ ಬಡಿತೀ. ಹೆಸರ ಹೊಟ್ಟಿ ಬಡದಂಗ ಬಡಿತೀ. ಅಂವ ಬೀಸ್ತಿದ್ದ."

ರಾಮವ್ವ ಕೋಲು ಕೆಳಗೆ ಇಟ್ಟು ತನ್ನ ಕೈ ನೋಡಿಕೊಂಡಳು. ಖರೆ ಮಾತು. ಹುಟ್ಟಿದ್ದು ಕೊರ್ಲಹಳ್ಳಿ, ತುಂಗಭದ್ರೆಯ ದಂಡೆ. ಅಲ್ಲಿ ಹುಡುಗಿಯಾಗಿದ್ದಾಗಿನಿಂದ ಕಣದಲ್ಲಿ ಬಡಿಗೆ ಹಿಡಿದು ಕಾಳು ಬಡಿದವಳು. ಹೆಸರು, ಅಲಸಂದಿ, ಸೂರ್ಯಕಾಂತಿ ತೆನೆ. ಬಡಿಯುವವರು ಬಡಿಗೆ ನೆಲಕ್ಕೆ ತಾಗುವ ಹೊತ್ತಿಗೆ ಕೈ ಬಿಗಿಹಿಡಿದು ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಕಾಳು ಸಿಡಿದು ಕಣದಾಚೆ ಹೋಗುತ್ತದೆ. ಕಾಳು ಹಾರಬಾರದು ಅಂತ ಕಲಿತ ಕೈ ಅದು. ಚೆಂಡು ಹೇಗೆ ಹಾರೀತು?

ನಿಲ್ಲಿಸಬಾರದು ಅಂತ ತಿಳಿದದ್ದಕ್ಕೂ ನಿಲ್ಲಿಸದೆ ಇರುವುದಕ್ಕೂ ಬಹಳ ದೂರ. ಮನಸ್ಸು ಬೇಡ ಅಂದರೂ ಕೈ ಚೆಂಡಿನ ಹತ್ತಿರ ಬಂದು ನಿಲ್ಲುತ್ತಿತ್ತು. ಅದೇ ವಾರ ತಿಪ್ಪೆಯ ಗೊಬ್ಬರ ಹೊಲಕ್ಕೆ ಚೆಲ್ಲುವ ಕೆಲಸ ಬಂತು. ಪುಟ್ಟಿ ತುಂಬಿಕೊಂಡು ಬೀಸಿ ಚೆಲ್ಲುತ್ತಿದ್ದಳು. ಚೆಲ್ಲುತ್ತ ಚೆಲ್ಲುತ್ತ ತನ್ನ ಮೈ ತಾನೇ ನೋಡಿಕೊಂಡಳು. ಪುಟ್ಟಿ ಬಲಕ್ಕೆ ಒಯ್ಯುವಾಗ ಮೈಯೂ ಬಲಕ್ಕೆ ತಿರುಗುತ್ತದೆ. ಭಾರ ಬಲಗಾಲಿನ ಮೇಲೆ. ಬೀಸುವಾಗ ಸೊಂಟ ಮೊದಲು ತಿರುಗುತ್ತದೆ, ಕೈ ಆಮೇಲೆ ಬರುತ್ತದೆ. ಗೊಬ್ಬರ ಹೋದ ಮೇಲೂ ಪುಟ್ಟಿ ನಿಲ್ಲುವುದಿಲ್ಲ, ಎಡ ಹೆಗಲಿನ ತನಕ ಹೋಗುತ್ತದೆ. ಬಲಗಾಲಿನ ಹಿಮ್ಮಡಿ ಮೇಲೆದ್ದಿರುತ್ತದೆ.

ಗಂಡ ನಿಲ್ಲುತ್ತಿದ್ದದ್ದು ನೆನಪಾಯಿತು. ಹೊಡೆದ ಮೇಲೆ ಅವನ ಬಲ ಹಿಮ್ಮಡಿಯೂ ಹೀಗೇ ಮೇಲೆ ಇರುತ್ತಿತ್ತು.

ಪುಟ್ಟಿ ಅಲ್ಲೇ ಬಿಟ್ಟು ಕೈ ಝಾಡಿಸಿಕೊಂಡು ಹುಲ್ಲಿಗೆ ನಡೆದಳು. ಚೆಂಡಿಲ್ಲದೆ ಬೀಸಿದಳು. ಬರೀ ಬೀಸಿದಳು, ಗೊಬ್ಬರ ಚೆಲ್ಲಿದ ಹಾಗೆ. ಆಮೇಲೆ ಎಡಗಾಲಿನ ಹಿಮ್ಮಡಿಯ ನೇರಕ್ಕೆ ಗೂಟ ನೆಟ್ಟು ಚೆಂಡಿಟ್ಟಳು. ಚೆಂಡನ್ನು ಹೊಡೆಯಬೇಕು ಅನ್ನುವುದನ್ನೇ ಬಿಟ್ಟಳು. ಬೀಸುವ ದಾರಿಯಲ್ಲಿ ಅದು ಸಿಕ್ಕಿತು. ಎದ್ದಿತು. ಹಳ್ಳದ ತನಕ ಹೋಯಿತು.

"ಇದು," ಅಂದಳು ಮರಿಯವ್ವ ಬದುವಿನ ಮೇಲಿಂದ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಚೆಂಡು ಏಳುತ್ತಿತ್ತು, ಹೋಗುತ್ತ ಹೋಗುತ್ತ ಬಲಕ್ಕೆ ತಿರುಗಿ ಜಾಲಿಕಂಟಿಯಲ್ಲಿ ಬೀಳುತ್ತಿತ್ತು. ಹತ್ತಕ್ಕೆ ಒಂಬತ್ತು ಅಲ್ಲಿಗೇ. ನಿಲ್ಲುವುದನ್ನು ಬದಲಿಸಿದಳು. ಗೂಟ ಎತ್ತರ ಮಾಡಿದಳು, ತಗ್ಗು ಮಾಡಿದಳು. ಕೋಲನ್ನು ಮೇಲೆ ಹಿಡಿದಳು, ಕೆಳಗೆ ಹಿಡಿದಳು. ಬಲಕ್ಕೆ ಹೋಗುತ್ತದಲ್ಲ ಅಂತ ಎಡಕ್ಕೆ ಮುಖಮಾಡಿ ನಿಂತಳು. ಆಗ ಇನ್ನೂ ಹೆಚ್ಚು ಬಲಕ್ಕೆ ಹೋಯಿತು. ಜಾಲಿಮುಳ್ಳಿನಲ್ಲಿ ಕೈ ಹಾಕಿ ಚೆಂಡು ತೆಗೆದು ತೆಗೆದು ಮೊಣಕೈ ತನಕ ಗೀರು ಬಿದ್ದವು. ಮುಗಿಲು ಮಳೆಯ ಬಣ್ಣಕ್ಕೆ ಬರುತ್ತಿತ್ತು. ಗಾಳಿ ದಿಕ್ಕು ಬದಲಿಸಿತ್ತು. ದಿನ ಹೆಚ್ಚು ಉಳಿದಿರಲಿಲ್ಲ.

ಒಂದು ಬೆಳಗ್ಗೆ ಹಳ್ಳ ಹಾಯ್ದು ಮೆಹಬೂಬಿ ಬಂದಳು. ಫಕೀರಸಾಬನ ಹೆಂಡತಿ. ಸೆರಗಿನಲ್ಲಿ ಹಳೆಯ ಚೆಂಡು ಕಟ್ಟಿಕೊಂಡು ಬಂದಿದ್ದಳು, ಹೊಲ ಹರಗುವಾಗ ಸಿಕ್ಕವು. ಅವನ್ನು ಹುಲ್ಲಿನ ಮೇಲೆ ಸುರಿದು ಮರಿಯವ್ವನ ಪಕ್ಕ ಕೂತಳು. ಎಲೆ ಅಡಿಕೆ ಹಾಕಿದಳು. ರಾಮವ್ವ ಹೊಡೆಯುವುದನ್ನು ಸ್ವಲ್ಪ ಹೊತ್ತು ನೋಡಿದಳು. ಏನೋ ಹೇಳುವುದಿದೆ ಅಂತ ಅವಳ ಮುಖದಲ್ಲೇ ಕಾಣುತ್ತಿತ್ತು.

"ರಾಮವ್ವಕ್ಕ, ಒಂದ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ಮಾತು ನಂದಲ್ಲ. ನಮ್ಮನಿಯವ್ರು ಆ ಕಡಿ ದಂಡಿ ಮ್ಯಾಲ ನಿಂತು ದಿನಾ ನೋಡ್ತಾರ. ಅವ್ರಿಗಿ ಗೊತ್ತಾಗೇತಿ, ಹೇಳಾಕ ನಾಚ್ತಾರ. ಹೆಣಮಗಳಿಗಿ ಗಂಡಸು ಹೇಳೂ ಮಾತಲ್ಲಂತ. ನೀನ ಹೋಗಿ ಹೇಳ ಅಂತ ನನ್ನ ಅಟ್ಟ್ಯಾರ."

"ಏನದು?"

"ನಿನ್ನ ಎಡಗೈ."

"ಏನಾತ ಎಡಗೈಗೆ?"

"ಚೆಂಡಿಗೆ ಕೋಲು ಮುಟ್ಟೂದರಾಗ ಅದು ಕೋಲು ಬಿಟ್ಟು ತಲಿಗಿ ಹೋಗ್ತೈತಿ. ಸೆರಗು ಹಿಡ್ಯಾಕ."

ರಾಮವ್ವ ಇಲ್ಲ ಅಂದಳು. ಮೆಹಬೂಬಿ ಹೊಡೆದು ನೋಡು ಅಂದಳು. ಹೊಡೆದಳು. ಚೆಂಡು ಜಾಲಿಕಂಟಿಗೆ ಹೋಯಿತು. ಅವಳ ಎಡಗೈ ತಲೆಯ ಮೇಲಿತ್ತು. ಬೆರಳಿನಲ್ಲಿ ಸೆರಗಿನ ಅಂಚು ಇತ್ತು.

ಅದು ಯಾವಾಗ ಅಲ್ಲಿಗೆ ಹೋಯಿತು ಅಂತ ಅವಳಿಗೇ ಗೊತ್ತಿರಲಿಲ್ಲ. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಆ ಕೈ ಆ ಕೆಲಸ ಮಾಡುತ್ತಿದೆ. ನೀರು ಸೇದುವಾಗ, ಕಸ ತೆಗೆಯುವಾಗ, ಬಗ್ಗಿ ಎದ್ದಾಗ, ಯಾರಾದರೂ ಕೆಮ್ಮಿದಾಗ. ಕೇಳಿ ಮಾಡುವ ಕೈಯಲ್ಲ ಅದು.

ಮೊದಲು ಪಿನ್ನು ಹಾಕಿ ನೋಡಿದಳು. ಬೀಸಿದಾಗ ಪಿನ್ನು ಸೀರೆ ಹರಿಯಿತು. ಗಂಡನ ಟಾವೆಲ್ ತಲೆಗೆ ಬಿಗಿದು ನೋಡಿದಳು. ಸೆರಗು ತಲೆಯ ಮೇಲೆ ಇಲ್ಲದಿದ್ದರೂ ಕೈ ಮೇಲೆ ಹೋಗಿ ಟಾವೆಲ್ ಮುಟ್ಟಿ ಬಂತು. ಸಿಟ್ಟಿನಲ್ಲಿ ಅದೇ ಟಾವೆಲ್‌ನಿಂದ ಎಡಗೈಯನ್ನು ಕೋಲಿಗೆ ಕಟ್ಟಿಕೊಂಡು ಬೀಸಿದಳು. ಮಣಿಕಟ್ಟು ಉಳುಕಿತು. ಎರಡು ದಿನ ಎಡಗೈಯಲ್ಲಿ ಹಾಲು ಹಿಂಡಲಾಗಲಿಲ್ಲ.

ಮೂರನೆಯ ದಿನ ಇನ್ನೂ ಮಬ್ಬು ಇರುವಾಗಲೇ ಒಬ್ಬಳೇ ಹೋದಳು. ಅತ್ತೆಯನ್ನೂ ಕರೆಯಲಿಲ್ಲ. ಸುತ್ತ ನೋಡಿದಳು. ದೂರದಲ್ಲಿ ಗುಡ್ಡದ ಮೇಲಿನ ಕರೆಂಟು ಮಾಡುವ ಗಾಳಿ ಫ್ಯಾನು ಬಿಟ್ಟರೆ ಅಲ್ಲಾಡುವುದು ಯಾವುದೂ ಇರಲಿಲ್ಲ. ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ತಲೆಗೆ ಗಾಳಿ ತಾಗಿತು. ಬಯಲಿನಲ್ಲಿ ಬೆತ್ತಲೆ ನಿಂತ ಹಾಗೆ ಅನಿಸಿತು. ಕೈ ಮತ್ತೆ ಮತ್ತೆ ಮೇಲೆ ಹೋಯಿತು. ಅಲ್ಲಿ ಹಿಡಿಯಲು ಏನೂ ಸಿಗದೆ ಇಳಿದು ಬಂತು. ದಿನಾ ಹಾಗೆ ಹೋದಳು. ಸಿಗದ್ದನ್ನು ಹುಡುಕಿ ಹುಡುಕಿ ಕೊನೆಗೆ ಕೈಗೂ ಸಾಕಾಯಿತೋ ಏನೋ, ಒಂದು ದಿನ ಕೋಲಿನ ಮೇಲೆಯೇ ಉಳಿಯಿತು. ಚೆಂಡು ನೆಟ್ಟಗೆ ಹೋಯಿತು. ಹಳ್ಳದ ಮೇಲೆ ಹೋಯಿತು. ಆಚೆ ಫಕೀರಸಾಬನ ಪಂಪಿನ ಮನೆಯ ತಗಡಿಗೆ ಬಡಿದು ಢಣ್ ಅಂದಿತು.

ರಾಮವ್ವ ಹುಲ್ಲಿನ ಮೇಲೆ ಕೂತಳು. ಯಾರಿಗೆ ಹೇಳಬೇಕು ಅಂತ ಒಂದು ಗಳಿಗೆ ಮನೆಯ ಕಡೆ ನೋಡಿದಳು. ಆಮೇಲೆ ಎದ್ದು ಮುಂದಿನ ಚೆಂಡು ಇಟ್ಟಳು.

ಮಳೆ ಬಂತು. ಒಂದು ಇಡೀ ಸಂಜೆ ಹೊಯ್ದು ಹಳ್ಳದಲ್ಲಿ ಕೆಂಪು ನೀರು ಹರಿಯಿತು. ಒಂದು ದಿನ ಬಿಟ್ಟು ಅಂದಾನಪ್ಪ ಎತ್ತು ಹೂಡಿಕೊಂಡು ಬಂದ. ರಂಟೆಯನ್ನು ಹುಲ್ಲಿನ ಅಂಚಿಗೆ ತಂದು ನಿಲ್ಲಿಸಿದ. ಹಳ್ಳದ ನೀರು ಮೊಣಕಾಲಿನಷ್ಟು ಇಳಿದಿತ್ತು. ಅದನ್ನು ಹಾಯ್ದು ಫಕೀರಸಾಬ, ಮೆಹಬೂಬಿ ಬಂದರು. ಮರಿಯವ್ವ ಬದುವಿನ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಳು. ಬೇರೆ ಯಾರೂ ಇರಲಿಲ್ಲ.

ರಾಮವ್ವ ಸೆರಗು ಹೊತ್ತುಕೊಂಡೇ ನಿಂತಳು. ಭಾವ ಎದುರಿಗಿದ್ದಾನೆ, ಇಲ್ಲದೆ ಹೇಗೆ? ಈಗ ಕೈ ಪಳಗಿದೆ, ಸೆರಗು ಇದ್ದರೂ ನಡೆಯುತ್ತದೆ ಅಂದುಕೊಂಡಿದ್ದಳು.

ನಡೆಯಲಿಲ್ಲ. ಮೊದಲ ಚೆಂಡು ಜಾಲಿಕಂಟಿಗೆ. ಎರಡನೆಯದೂ ಅಲ್ಲಿಗೇ. ಮುಂದಿನದು ನೀರಿಗೆ ಬಿದ್ದು ತೇಲಿಹೋಗುವ ಎಲೆಗಳ ನಡುವೆ ಮುಳುಗಿತು. ಒಬ್ಬಳೇ ಇದ್ದಾಗ ಕಲಿತ ಕೈ, ಭಾವನ ಕೆಮ್ಮು ಕೇಳಿದ ಕೂಡಲೇ ಹಳೆಯ ಕೆಲಸಕ್ಕೆ ಓಡಿತ್ತು. ಚೀಲ ತೆಳ್ಳಗಾಗುತ್ತ ಬಂತು. ಬೆವರು ಕಣ್ಣಿಗೆ ಇಳಿಯಿತು. ಉಳುಕಿದ್ದ ಮಣಿಕಟ್ಟು ಮತ್ತೆ ನೋಯತೊಡಗಿತು.

ಅಂದಾನಪ್ಪ ಎತ್ತಿನ ಹಗ್ಗ ಹಿಡಿದು ನೋಡುತ್ತಿದ್ದ. ಅವನಿಗೆ ಖುಷಿಯೇನೂ ಇರಲಿಲ್ಲ.

"ಅವ್ವಾ, ಸಾಕನ್ನ ಆಕಿಗಿ. ನಾ ಮಾತಿಗಿ ಬಿದ್ದು ಅಂದೆ. ಕೈ ಮುರಕೊಳ್ಳೂದು ಬ್ಯಾಡ. ಮನಿಗಿ ಹೋಗಲಿ, ನಾ ರಂಟಿ ಹೊಡಿತೀನಿ."

ರಾಮವ್ವ ಕೇಳಿಸದವಳ ಹಾಗೆ ಇನ್ನೊಂದು ಗೂಟ ನೆಟ್ಟಳು. ಅದೂ ಕಂಟಿಗೆ ಹೋಯಿತು.

ಆಗ ಮೆಹಬೂಬಿ ಮರಿಯವ್ವನ ಕಿವಿಯಲ್ಲಿ ಹೇಳಿದಳು. ಎಡಗೈ ಮತ್ತೆ ಸೆರಗಿಗೆ ಓಡುತ್ತಿದೆ ಅಂತ, ಮಬ್ಬಿನಲ್ಲಿ ಒಬ್ಬಳೇ ಬಂದು ಸೆರಗು ತೆಗೆದು ತಗಡಿಗೆ ಹೊಡೆದದ್ದನ್ನು ರಾಮವ್ವ ತನಗೆ ಹೇಳಿದ್ದಳು ಅಂತ. ಮುದುಕಿ ಕೇಳಿಸಿಕೊಂಡಳು. ಬಡಿಗೆ ಊರಿ ಎದ್ದಳು. ಕಾಲಿನಿಂದ ಹುಲ್ಲು ತಡವಿಕೊಂಡು ಸೊಸೆಯ ತನಕ ಬಂದಳು. ಕೈ ಚಾಚಿ ಹೆಗಲು ಹುಡುಕಿ, ಹೆಗಲಿನಿಂದ ತಲೆ ಹುಡುಕಿ, ಸೆರಗು ಹಿಡಿದು ಕೆಳಗೆ ಎಳೆದಳು.

ರಾಮವ್ವ ಎರಡೂ ಕೈಯಲ್ಲಿ ಅದನ್ನು ಹಿಡಿಯಲು ಹೋದಳು. ಮರಿಯವ್ವ ಆ ಕೈ ಸರಿಸಿದಳು.

"ಯಾರ ಸಲುವಾಗಿ ಹೊತ್ತೀ ಇದನ್ನ?"

"ನಿಮ್ಮ ಸಲುವಾಗಿ, ಅತ್ತಿ. ಭಾವಾರ ಸಲುವಾಗಿ."

"ನಾ ಹೊತ್ತಕೋ ಅಂದಿದ್ದೆ. ನಾನ ತಗದೀನಿ. ಅಂವ ಏನರ ಅಂದ್ರ ನನಗ ಅನ್ನಲಿ." ಸೆರಗನ್ನು ಸೊಸೆಯ ಸೊಂಟಕ್ಕೆ ಸುತ್ತಿ, ಮಗುವಿಗೆ ಉಡಿಸಿದ ಹಾಗೆ ಬಿಗಿಯಾಗಿ ಸಿಕ್ಕಿಸಿದಳು. "ಈಗ ಆ ಕೈಗಿ ಇಲ್ಲಿ ಕೆಲಸಿಲ್ಲ. ಹೊಡಿ."

ಮತ್ತೆ ಬದುವಿಗೆ ಹೋಗಿ ಕೂತಳು.

ರಾಮವ್ವ ಉಸಿರು ಬಿಟ್ಟಳು. ಹಸಿ ರೊಟ್ಟಿ ಹಿಡಿದ ಹಾಗೆ ಹಿಡಿದಳು. ಸೊಂಟ ತಿರುಗಿತು, ಕೈ ಬಂತು, ಕೋಲು ಬೀಸಿ ಎಡ ಹೆಗಲಿನಾಚೆ ಹೋಯಿತು. ಎಡಗೈ ಕೋಲಿನ ಮೇಲೆಯೇ ಇತ್ತು. ಚೆಂಡು ಎದ್ದು, ಹಳ್ಳದ ಮೇಲೆ ನೆಟ್ಟಗೆ ಹೋಗಿ, ಆಚೆಯ ಹಸಿ ಹೊಲದಲ್ಲಿ ಸಪ್ಪಳವಿಲ್ಲದೆ ಬಿತ್ತು.

"ದಾಟ್ತು!" ಅಂದಳು ಮೆಹಬೂಬಿ.

ರಾಮವ್ವ ಭಾವನ ಕಡೆ ತಿರುಗಿದಳು. ಅಂದಾನಪ್ಪ ಎತ್ತಿನ ಕೊಂಬು ನೋಡುತ್ತ ನಿಂತಿದ್ದ. ತಮ್ಮನ ಹೆಂಡತಿಯ ತಲೆಯ ಮೇಲಿನ ಸೆರಗು ಜಾರಿದ ಕೂಡಲೇ ಅವನು ಆ ಕಡೆ ಮುಖ ತಿರುಗಿಸಿದ್ದ. ತಿರುಗಿಸಿದವನು ಮತ್ತೆ ಈ ಕಡೆ ನೋಡಿರಲಿಲ್ಲ.

"ಯಾವುದು ದಾಟ್ತು? ನಾ ನೋಡ್ಲಿಲ್ಲ."

ಎಲ್ಲರೂ ಫಕೀರಸಾಬನ ಕಡೆ ನೋಡಿದರು. ಅವನು ತನ್ನ ಚಪ್ಪಲಿ ನೋಡಿಕೊಂಡ. ಅವನೂ ಅಷ್ಟು ಹೊತ್ತು ಚಪ್ಪಲಿಯನ್ನೇ ನೋಡುತ್ತಿದ್ದ.

ಬದುವಿನ ಮೇಲೆ ಮರಿಯವ್ವ ನಕ್ಕಳು. ಮಗ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ಕಣ್ಣಿದ್ದಾವ್ರು ಇಬ್ರೂ ನೆಲಾ ನೋಡ್ಕೋತ ನಿಂತೀರಿ. ಕಣ್ಣಿಲ್ಲದಾಕಿ ನಾ ಏನ ಸಾಕ್ಷಿ ಹೇಳ್ಲಿ?"

ಮೆಹಬೂಬಿ ತಾನು ನೋಡಿದೆ, ಅಲ್ಲಾನ ಆಣೆ ಅಂದಳು. ಅಂದಾನಪ್ಪ ತಲೆಯಾಡಿಸಿದ. ಅವಳ ಮಾತು ಸುಳ್ಳು ಅಂತಲ್ಲ. ತನ್ನ ಕಣ್ಣ ಮುಂದೆ ಅಂತ ಮಾತಾಗಿತ್ತು. ಅಯ್ಯೋ ಪಾಪ ಅಂತ ಬಿಟ್ಟುಕೊಟ್ಟರೆ ನಾಳೆ ತನಗೇ ಅದು ಸರಿ ಅನಿಸುವುದಿಲ್ಲ ಅಂತ ಅವನು ತಾಯಿಗೆ ಹೇಳತೊಡಗಿದ.

"ಭಾವಾರ," ಅಂದಳು ರಾಮವ್ವ.

ಅವನ ಮಾತು ನಿಂತಿತು. ಅವಳು ಅತ್ತೆಯ ಕಡೆ ತಿರುಗಿ ಹೇಳಿರಲಿಲ್ಲ. ಅವನಿಗೇ ಹೇಳಿದ್ದಳು.

"ನೀವು ಹೇಳಿದ್ದು ಖರೆ. ನಿಮ್ಮ ಕಣ್ಣ ಮುಂದನ ಆಗಬೇಕು. ಮಾರಿ ಈ ಕಡಿ ಮಾಡ್ರಿ. ಚೆಂಡು ನೋಡ್ರಿ. ನನ್ನ ನೋಡಬ್ಯಾಡ್ರಿ, ಚೆಂಡು ನೋಡ್ರಿ."

ಅಂದಾನಪ್ಪ ಮೆಲ್ಲಗೆ ತಿರುಗಿದ. ಕುತ್ತಿಗೆ ಹಿಡಿದವನ ಹಾಗೆ ತಿರುಗಿದ. ಗೂಟದ ಮೇಲಿನ ಚೆಂಡಿನಲ್ಲಿ ಕಣ್ಣು ನೆಟ್ಟ. ಫಕೀರಸಾಬನೂ ಚಪ್ಪಲಿ ಬಿಟ್ಟು ತಲೆ ಎತ್ತಿದ.

ಬೀಸಿದಳು. ಚೆಂಡಿನ ನೆತ್ತಿಗೆ ತಾಗಿತು. ಉರುಳಿಕೊಂಡು ಹೋಗಿ ಹುಲ್ಲಿನ ಅಂಚಿನಲ್ಲಿ ನಿಂತಿತು.

ಅಂದಾನಪ್ಪ ಮುಖ ತಿರುಗಿಸಲಿಲ್ಲ. ರಾಮವ್ವ ಬಗ್ಗಿ ಗೂಟ ಸರಿಮಾಡಿದಳು. ಇನ್ನೊಂದು ಚೆಂಡು ಇಟ್ಟಳು. ಎಡಗೈ ಒಮ್ಮೆ ಅಲುಗಿತು. ಅದನ್ನು ಕೋಲಿನ ಮೇಲೆ ಇಟ್ಟಳು, ಅದರ ಮೇಲೆ ಬಲಗೈ ಇಟ್ಟಳು. ಅವಸರ ಮಾಡಲಿಲ್ಲ. ಗೊಬ್ಬರದ ಪುಟ್ಟಿ ಬೀಸಿದಷ್ಟೇ ಬೀಸಿದಳು.

ಚೆಂಡು ಹೋಯಿತು. ಅಂದಾನಪ್ಪನ ಗದ್ದ ಅದರ ಜೊತೆ ಮೇಲೆ ಎದ್ದಿತು, ಅದರ ಜೊತೆ ಇಳಿಯಿತು. ಆಚೆ ತಗಡು ಢಣ್ ಅಂದಿತು.

ಮರಿಯವ್ವ ಕೈ ಎತ್ತಿ ಆ ಸಪ್ಪಳದ ಕಡೆ ತೋರಿಸಿದಳು, ಎಲ್ಲರಿಗೂ ಕಾಣಲಿ ಅನ್ನುವ ಹಾಗೆ.

ಅಂದಾನಪ್ಪ ಎತ್ತಿನ ಹಗ್ಗ ಸಡಿಲ ಬಿಟ್ಟ. ಆಮೇಲೆ ಹೇಳಿದ, ತಾಯಿಗಲ್ಲ, ರಾಮವ್ವನಿಗೆ, ಆದರೆ ಹಳ್ಳದ ಕಡೆ ನೋಡುತ್ತಲೇ.

"ತಂಗಿ, ಅಂವಂದು ಇನ್ನ ಸ್ವಲ್ಪ ಬಲಕ್ಕ ಬೀಳ್ತಿತ್ತು. ಆ ಬೇವಿನ ಗಿಡದ ನೇರಕ್ಕ. ತಗಡಿಗೆ ಎಂದೂ ಬಡಿಲಿಲ್ಲ."

ದಿನಾ ಸಂಜೆ ಎತ್ತು ಬಿಡುವ ನೆಪದಲ್ಲಿ ಅವನು ತಮ್ಮನನ್ನು ನೋಡುತ್ತಿದ್ದ ಅನ್ನುವುದು ಅವತ್ತು ಎಲ್ಲರಿಗೂ ತಿಳಿಯಿತು. ಅವನು ರಂಟೆ ಎತ್ತಿ ಎತ್ತು ತಿರುಗಿಸಿದ. ಹುಲ್ಲಿನ ಅಂಚಿನಿಂದ ಒಂದು ಮಾರು ದೂರ ಬಿಟ್ಟು ಸಾಲು ಹಿಡಿದ. ಸಂಜೆಯ ತನಕ ಹುಲ್ಲಿನ ಸುತ್ತ ಹೊಡೆದ. ನಡುವೆ ಆ ಪಟ್ಟಿ ಹಸಿರಾಗಿ ಉಳಿಯಿತು.

ಹಳ್ಳ ಇನ್ನಷ್ಟು ಇಳಿದ ಮೇಲೆ ರಾಮವ್ವ ಆಚೆ ಹೋದಳು. ಮಳೆಗೆ ಫಕೀರಸಾಬನ ಹೊಲದ ಮಣ್ಣು ಕೊಚ್ಚಿ, ಎಲ್ಲೆಲ್ಲೋ ಹೂತುಹೋಗಿದ್ದ ಚೆಂಡುಗಳು ಮೇಲೆ ಬಂದಿದ್ದವು. ಸಾಲಿನಲ್ಲಿ, ಬದುವಿನ ಬುಡದಲ್ಲಿ, ಬೇವಿನ ಗಿಡದ ಕೆಳಗೆ. ಎಲ್ಲವೂ ಒಂದೇ ಕೆಸರಿನ ಬಣ್ಣ. ಗಂಡ ಹೊಡೆದದ್ದು ಯಾವುದು, ತಾನು ಹೊಡೆದದ್ದು ಯಾವುದು ಅಂತ ಒರೆಸಿ ಒರೆಸಿ ನೋಡಿದಳು. ತಿಳಿಯಲಿಲ್ಲ. ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡಳು.

ಮನೆಯಲ್ಲಿ ಭಾವನ ಮುಂದೆ ಸೆರಗು ತಲೆಯ ಮೇಲೆಯೇ ಇದೆ. ಹುಲ್ಲಿನ ಮೇಲೆ ಸೊಂಟದಲ್ಲಿ. ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಚೆಂಡು ಆರಿಸಿ ತಂದ ಮರುದಿನ ಬೆಳಗ್ಗೆ ಹಾಲು ಹಿಂಡಿ ಅವಳು ಮತ್ತೆ ಹೋದಳು. ಹತ್ತಿಕಟ್ಟಿಗೆಯ ಗೂಟ ನೆಟ್ಟಳು. ಹಳ್ಳದಾಚೆ ತಗಡು ನೋಡಿದಳು, ಬೇವಿನ ಗಿಡ ನೋಡಿದಳು. ಎರಡೂ ಕಾಲು ಒಂದಿಷ್ಟು ಬಲಕ್ಕೆ ತಿರುಗಿಸಿ ನಿಂತಳು.